ಶಾಲೆಗೆ ಹೋದ ಸಾಲಿಗ್ರಾಮ

ಮಾವನವರು ಬೆಳಿಗ್ಗೆ ಇನ್ಸುಲಿನ್ ಚುಚ್ಚಿಸಿಕೊಂಡು ಪೂಜೆಗೆ ಕೂತರೆ ಪೆಟ್ಟಿಗೆಯಲ್ಲಿ ಸಾಲಿಗ್ರಾಮವೇ ಇಲ್ಲ. ಸುರುಳಿ ಗುರುತಿನ ಆ ಕಪ್ಪು ಕಲ್ಲಿಗೆ ಅಭಿಷೇಕ ಮಾಡದೆ ಅವರು ತಿಂಡಿ ಮುಟ್ಟುವವರಲ್ಲ. ವಿಜ್ಞಾನದ ಪಾಠದಲ್ಲಿ ತೋರಿಸಲು ನನ್ನ ಮಗಳು ಅದನ್ನು ಆಳೂರಿನ ಶಾಲೆಗೆ ಒಯ್ದಿದ್ದಳು. ನಮ್ಮ ಯಜಮಾನರು ತರಲು ಬೈಕಿನಲ್ಲಿ ಹೊರಟರು. ಅಷ್ಟರಲ್ಲಿ ಮಾವನವರಿಗೆ ರಕ್ತದ ಸಕ್ಕರೆ ಇಳಿದು ಕೈ ನಡುಗತೊಡಗಿತು, ಹಣೆ ಬೆವರಿತು. ಸಕ್ಕರೆ ಚಮಚ ಹಿಡಿದು ಬೇಡಿಕೊಂಡರೂ ಬಾಯಿ ತೆರೆಯಲಿಲ್ಲ. ಟೀಚರ್‌ಗೆ ಫೋನ್ ಮಾಡಿ ಮಗಳನ್ನು ಕರೆಸಿ, ಸ್ಪೀಕರ್ ಹಾಕಿದೆ.

“ತಾತ, ಅದು ಹಳೇ ಸಮುದ್ರದ ಪ್ರಾಣಿ ಚಿಪ್ಪು. ಪ್ರಾಣಿ ಸತ್ತ ಮೇಲೆ ಕೆಸರಲ್ಲಿ ಹೂತು ಕಲ್ಲಾಗೈತೆ. ಕೋಟ್ಯಂತರ ವರ್ಷ ಕಾದೈತೆ, ಇನ್ನೊಂದ್ ಗಂಟೆ ಕಾಯಲ್ವಾ? ನೀನ್ ತಿನ್ನು.”

“ನಿಂಗೆ ಬಾಯಿ ಜಾಸ್ತಿ ಆಗ್ಬುಟ್ಟೈತೆ...” ಎಂದು ಮಾವನವರು ಬೈಯತೊಡಗಿದರು.

ತೆರೆದ ಬಾಯಿಗೆ ಸಕ್ಕರೆ ಹಾಕಿಬಿಟ್ಟೆ. ದೇವರ ದಯೆ, ಉಗುಳಲಿಲ್ಲ.