ಗಾದೆಪ್ಪನ ಗೋಡೆಯ ಮೇಲೆ ಆನೆಮರಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹಗರಿಬೊಮ್ಮನಹಳ್ಳಿಯ ಟಾಕೀಸಿನ ಮುಂದೆ ಏಣಿ ಹತ್ತಿ ನಿಂತಿರುವ ಗಾದೆಪ್ಪ, ಗೋಡೆಯಷ್ಟು ದೊಡ್ಡ ಆನೆಮರಿಯ ಕಿವಿಗೆ ಬಣ್ಣ ಹಚ್ಚುತ್ತಿದ್ದಾರೆ. ತೆಲಿಗಿ ಬಸ್ಸಿಗೆ ಹೊರಟ ಹೆಂಗಸೊಬ್ಬಳು ತಲೆಯೆತ್ತಿ, "ಯಣ್ಣಾ, ಆ ಕಿವಿ ಸಣ್ಣದಾತು ನೋಡು" ಎನ್ನುತ್ತಾಳೆ. ಗಾದೆಪ್ಪ ತಿರುಗುವುದೂ ಇಲ್ಲ. "ಆನಿ ಆಕಡಿ ತಿರುಗೈತವ್ವಾ. ನೀ ಈಕಡಿ ಬಂದ್ ನೋಡು." ಆಕೆ ನಿಜಕ್ಕೂ ಈಕಡೆ ಬಂದು ನೋಡಿ, ಒಪ್ಪಿ, ಬಸ್ಸಿಗೆ ಓಡುತ್ತಾಳೆ.

ಗಾದೆಪ್ಪನವರಿಗೆ ಐವತ್ತಾರು. ಕೂಡ್ಲಿಗಿ ಕಡೆಯ ಕೂಲಿಕಾರರ ಮನೆಯವರು. ಟಾಕೀಸಿಗೆ ಸುಣ್ಣ ಹೊಡೆಯಲು ಬಂದವರು ಇಪ್ಪತ್ತೇಳು ವರ್ಷದಿಂದ ಅಲ್ಲಿಯೇ ಅಂಟಿಕೊಂಡಿದ್ದಾರೆ. ಒಂದು ಕಾಲಕ್ಕೆ ದಿನಕ್ಕೆ ಮೂರು ಬೋರ್ಡು ಬರೆಯುತ್ತಿದ್ದರು. ಸೈಕಲ್ಲಿಗೆ ಬಣ್ಣದ ಡಬ್ಬಿ ಕಟ್ಟಿಕೊಂಡು ಕೊಟ್ಟೂರು, ಹಡಗಲಿಯವರೆಗೆ ಹೋಗುತ್ತಿದ್ದರು. ಸಾವಿರಾರು ಮೀಸೆ ಬರೆದ ಈ ಮನುಷ್ಯನಿಗೆ ಸ್ವಂತ ಮೀಸೆ ಇಲ್ಲ. ಕೇಳಿದರೆ, "ಬಣ್ಣ ಹತ್ತತೈತ್ರಿ" ಎಂದು ನಗುತ್ತಾರೆ. ಈಗ ಫ್ಲೆಕ್ಸ್ ಬಂದು ವಾರಕ್ಕೆರಡು ಬೋರ್ಡು ಸಿಕ್ಕರೆ ಪುಣ್ಯ. ಗಟ್ಟಿಯಾಗಿ ಉಳಿದಿರುವುದು ಈ ಮುಂಗೋಡೆ ಒಂದೇ.

ಆ ಗೋಡೆಗೊಂದು ಗತ್ತಿದೆ. ಈ ಟಾಕೀಸು ತನ್ನದೇ ಪ್ರಶಸ್ತಿ ಕೊಡುತ್ತದೆ. ಸಿನಿಮಾ ಮೆಚ್ಚಿದವರು ಹೊರಡುವಾಗ ಹರಿದ ಅರ್ಧ ಟಿಕೆಟನ್ನು ಬಾಗಿಲ ಬಳಿಯ ತಗಡಿನ ಡಬ್ಬಿಗೆ ಹಾಕುತ್ತಾರೆ. ಮೆಚ್ಚದವರು ಅದರಲ್ಲೇ ಕಿವಿ ಕೆರೆದುಕೊಳ್ಳುತ್ತ ಹೋಗುತ್ತಾರೆ. ಒಂದು ಸಿನಿಮಾಕ್ಕೆ ಒಂದು ಡಬ್ಬಿ. ಯುಗಾದಿಗೆ ಮುಂಚೆ ಎಣಿಕೆ. ಗೆದ್ದ ಸಿನಿಮಾ ಹಬ್ಬಕ್ಕೆ ಮತ್ತೆ ಬರುತ್ತದೆ, ಅದರ ನಾಯಕನ ಮುಖ ವರ್ಷವಿಡೀ ಮುಂಗೋಡೆಯ ಮೇಲಿರುತ್ತದೆ.

ಈ ಸಲ, 2003ರ ಯುಗಾದಿಗೆ, ಎಡವಟ್ಟಾಯಿತು. ಹೋದ ಬೇಸಿಗೆಯಲ್ಲಿ ತೆಲುಗಿಗೆ ಡಬ್ ಆಗಿ ಬಂದಿದ್ದ ಇಂಗ್ಲಿಷ್ ಅನಿಮೇಷನ್ ಚಿತ್ರ, ತಾಯಿಯನ್ನು ಹುಡುಕಿಕೊಂಡು ಹೊರಟ ಆನೆಮರಿಯ ಕಥೆ, ಆರುನೂರ ಹನ್ನೊಂದು ಚೀಟಿ ಪಡೆದು ದೊಡ್ಡ ದೊಡ್ಡ ಮೀಸೆಗಳನ್ನೆಲ್ಲ ಸೋಲಿಸಿತ್ತು. ಟಾಕೀಸಿನ ಮಾಲೀಕ ಗುರುಸಂಗಪ್ಪ ತಲೆಯ ಮೇಲೆ ಕೈ ಹೊತ್ತರು. "ಗೊಂಬಿ ಸಿನಿಮಾರಿ ಅದು! ಹೀರೋನ ಇಲ್ಲ, ಯಾರ ಮುಖ ಬರಸೂದು?" ಎರಡನೆಯ ಸ್ಥಾನದ ನಾಯಕನಿಗೆ ಗೋಡೆ, ಆನೆಮರಿಗೆ ಸೈಕಲ್ ಸ್ಟ್ಯಾಂಡಿನ ಪಕ್ಕ 'ಮಕ್ಕಳ ಬಹುಮಾನ' ಎಂಬ ಸಣ್ಣ ಹಲಗೆ ಎಂದು ತೀರ್ಮಾನಿಸಿದರು. "ನಾನೊಬ್ಬನ ಅಲ್ರಿ, ಆಸ್ಕರ್‌ನೋರೂ ಹ್ವಾದ ವರ್ಷದಿಂದ ಇಂಥವಕ್ಕ ಬ್ಯಾರೆ ಬಹುಮಾನ ಇಟ್ಟಾರ. ಪೇಪರ್‌ನ್ಯಾಗ ಬಂದಿತ್ತು."

ಯಜಮಾನರಿಗೆ ಎಂದೂ ಎದುರಾಡದ ಗಾದೆಪ್ಪ ಅಂದು ಕುಂಚ ತೊಳೆದಿಟ್ಟರು. "ಆ ಸಿನಿಮಾ ಐದ್ ಸರ್ತಿ ನೋಡೀನ್ರಿ. ಒಂದ್ ಕಿವಿ ಅಲಗಾಡಬೇಕಂದ್ರ ಎಷ್ಟ್ ಚಿತ್ರ ಬರೀಬೇಕು! ಅಷ್ಟು ದುಡದೋರಿಗೆ ಬ್ಯಾರೆ ಪಂಕ್ತಿ ಹಾಕಿ ಉಣ್ಣಾಕ ನೀಡಿದ್ರ ಮರ್ಯಾದಿ ಏನ್ರಿ ಅದು? ಪಾಯಸ ಎಲ್ಲಾರಿಗೂ ಒಂದ ಇರಬೌದು. ಪಂಕ್ತಿ ಬ್ಯಾರೆ ಅಲ್ಲೇನ್ರಿ?" ಈ ಮಾತಿನ ಹಿಂದೆ ಅವರು ಚಿಕ್ಕಂದಿನಲ್ಲಿ ಉಂಡ ಊಟಗಳಿವೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಾಗ ನಾಚಿಕೆಯಾಯಿತು.

ಹರಪನಹಳ್ಳಿಯಿಂದ ಬೇರೆ ಪೇಂಟರನ್ನು ಕರೆಸುತ್ತೇನೆ ಎಂದರು ಗುರುಸಂಗಪ್ಪ. ಉಳಿದಿದ್ದ ಒಂದು ಗೋಡೆಯೂ ಕೈತಪ್ಪುವ ಹಾಗಾಯಿತು. ಗಾದೆಪ್ಪ ಜಗ್ಗಲಿಲ್ಲ. ನಾಲ್ಕು ದಿನ ಗೋಡೆ ಬರೀ ಸುಣ್ಣ ಹೊದ್ದು ನಿಂತಿತು. ಸಂತೆಗೆ ಬಂದವರೆಲ್ಲ ಯಾಕೆ, ಟಾಕೀಸು ಮುಚ್ಚಿತೇ ಎಂದು ಕೇಳತೊಡಗಿದರು. ಐದನೆಯ ದಿನ, ಗೇಟಿನಲ್ಲಿ ಟಿಕೆಟ್ ಹರಿಯುವ ದಾಕ್ಷಾಯಣಮ್ಮ ಆನೆಮರಿಯ ಡಬ್ಬಿಯನ್ನು ತಂದು ಮಾಲೀಕರ ಮೇಜಿನ ಮೇಲೆ ಬೋರಲು ಹಾಕಿದರು.

"ಎಣಿಸಿದಾಕಿ ನಾನು. ಗಾಂಧಿ ಕ್ಲಾಸಿನ ಕೆಂಪು ಚೀಟಿನೂ ಅದಾವು, ಬಾಲ್ಕನಿ ಹಸರು ಚೀಟಿನೂ ಅದಾವು. ಎಲ್ಲಾ ಒಂದ ಡಬ್ಬಿಗೆ ಬೀಳಲಿ ಅಂದೋರು ನೀವ. ಚೀಟಿಗಿಲ್ಲದ ಪಂಕ್ತಿ ಸಿನಿಮಾಕ್ಕ ಯಾಕ್ರಿ, ಯಜಮಾನ್ರ?"

ಗುರುಸಂಗಪ್ಪ ಕೆಂಪು ಹಸಿರು ರಾಶಿಯನ್ನು ಬಾಚಿ ಮತ್ತೆ ಡಬ್ಬಿಗೆ ತುಂಬಿದರಂತೆ. ಆಮೇಲೆ ಹೊರಗೆ ಬಂದು ಕೂಗಿದರಂತೆ: "ಬರಿಯಪಾ ಗಾದೆಪ್ಪ, ನಿನ್ನ ಆನಿ. ರೂಢಿ ಬಿದ್ದೈತಂತ ಅದಕ್ಕೂ ಮೀಸಿ ಇಳಿಸಬ್ಯಾಡ ಮತ್ತ!"

ಆನೆಮರಿಯ ಕಾಲ ಬುಡದಲ್ಲಿ ಇಂಗ್ಲಿಷ್ ಹೆಸರುಗಳ ಸಾಲುಗಳಿವೆ. ಆ ಸಿನಿಮಾದ ಚಿತ್ರ ಬರೆದವರು. ಕೊನೆಯಲ್ಲಿ ಹೆಸರು ಓಡುವಷ್ಟರಲ್ಲಿ ಜನ ಎದ್ದಿರುತ್ತಾರೆ, ಆಪರೇಟರ್ ಪಾಲಣ್ಣ ಮಶೀನು ನಿಲ್ಲಿಸಿರುತ್ತಾರೆ. ಹಬ್ಬಕ್ಕೆ ರೀಲು ಬಂದಾಗ ಗಾದೆಪ್ಪ ಪಾಲಣ್ಣನ ಕೈಯಲ್ಲಿ ಕೊನೆಯ ರೀಲನ್ನು ಬಿಸಿಲಿಗೆ ಹಿಡಿಸಿ, ಭೂತಗನ್ನಡಿಯಲ್ಲಿ ನೋಡಿ ನೋಡಿ ಮೂವತ್ತೆಂಟು ಹೆಸರು ಇಳಿಸಿಕೊಂಡಿದ್ದಾರೆ. ಇಂಗ್ಲಿಷ್ ಬರುತ್ತದೆಯೇ ಎಂದರೆ, "ಓದಾಕ ಬರಲ್ರಿ, ಬರಿಯಾಕ ಬರ್ತೈತಿ. ಅಕ್ಷರನೂ ಚಿತ್ರನ ಅಲ್ಲೇನ್ರಿ?" ಒಂದೆರಡು ಅಕ್ಷರ ಹಿಂದುಮುಂದಾಗಿವೆ.

ಅವರಿಗಿರುವ ಆಸೆಯೂ ಆ ಹೆಸರುಗಳದ್ದೇ. "ಹೆಸರು ಓಡಿ ಮುಗಿಯೋ ಮಟ ಪಾಲಣ್ಣ ಮಶೀನ್ ನಿಲ್ಲಸಬಾರ್ದು. ಯಾರೂ ಕುಂದರದಿದ್ರೂ ನಾ ಕುಂದರ್ತೀನಿ."

ಗೋಡೆಯ ಬಲ ಮೂಲೆಯಲ್ಲಿ ಅಂಗೈಯಗಲ ಜಾಗ ಖಾಲಿ ಉಳಿದಿದೆ. ಅಲ್ಲಿ ನಿಮ್ಮ ಹೆಸರು ಹಾಕಬಹುದಲ್ಲ ಎನ್ನುತ್ತೇನೆ. ಗಾದೆಪ್ಪ ಏಣಿ ಇಳಿದು, ಹೆಗಲ ಟವೆಲಿಗೆ ಕೈ ಒರೆಸಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ.

"ಆನಿಮರಿ ಅವರದ್ರಿ. ನನ್ನ ಹೆಸರು ಯಾಕ? ಗ್ವಾಡಿ ಪೂರಾ ನಂದ ಅಲ್ಲೇನು?"