ಎತ್ತಿನ ಸೂಟಿ

ಮೊನ್ನೆ ಇಲ್ಲಿ ಅಮೆರಿಕದಲ್ಲಿ, ನಮ್ಮೂರು ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯಲ್ಲಿ ಜೋಳದ ರೊಟ್ಟಿಯ ಪ್ಯಾಕೆಟ್ ಮೂಸಿ ನೋಡುತ್ತಿದ್ದೆ. ಕೆಟ್ಟ ಚಾಳಿ, ಗೊತ್ತು. ಪಕ್ಕದಲ್ಲಿದ್ದ ಬೆಂಗಳೂರಿನ ಸ್ಟೂಡೆಂಟ್ ಹುಡುಗಿಯೊಬ್ಬಳು ಗುರುತು ಹಿಡಿದಳು.

"ಅಂಕಲ್, ಆ ರೈತರ ರಜೆ ವಿಡಿಯೋ ನಿಮ್ದೇ ಅಲ್ವಾ? ಕೊನೇಲಿ ಅಜ್ಜಿ ತಲೆ ಆಡಿಸ್ತಾರಲ್ಲ, ಸೂಪರ್."

ಹಲ್ಲು ಕಿರಿದೆ. ಕಿವಿ ಬಿಸಿಯಾಯಿತು.

ನಾಲ್ಕು ವರ್ಷದ ಹಿಂದಿನ ಮಾತು ಅದು. ಮಧ್ಯಯುಗದ ರೈತನಿಗೆ ನಮಗಿಂತ ಹೆಚ್ಚು ರಜೆ ಇತ್ತಂತೆ ಎಂದು ಎಲ್ಲೋ ಓದಿದ್ದೆ. ವಿಡಿಯೋ ಹುಚ್ಚಿನ ನನ್ನಂಥವನಿಗೆ ಅಷ್ಟೇ ಸಾಕಾಯಿತು. ವಾರವಿಡೀ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದಿತ್ತು. ಜಗತ್ತಿನ ಕಟ್ಟಕಡೆಯ ಜೀತದಾಳು ನಾನೇ ಅನ್ನಿಸಿತ್ತು. ಆ ಭಾನುವಾರ ಪಕ್ಕದ ಊರು ಮಿಸೌರಿ ಸಿಟಿಯಲ್ಲಿ ನೀಲಮ್ಮ ಆಂಟಿಯ ಅಡುಗೆಮನೆಗೆ ಹೋಗಿದ್ದೆ. ಬಿಜಾಪುರದ ಕಡೆಯವರು, ಮಗಳ ಮನೆಯಲ್ಲಿದ್ದುಕೊಂಡು ಕೇಳಿದವರಿಗೆ ರೊಟ್ಟಿ ಬಡಿದು ಕೊಡುತ್ತಾರೆ. ಅವರು ಬಡಿಯುತ್ತಿದ್ದರೆ ನಾನು ವಿಡಿಯೋಗೆಂದು ಫೋನ್ ಎದುರಿಗೆ ನಿಲ್ಲಿಸಿಕೊಂಡು ರೈತರ ರಜೆಯ ಬಗ್ಗೆ ಭಾಷಣ ಬಿಗಿದೆ. ಕೊನೆಗೆ, "ಅಲ್ವಾ ಆಂಟಿ?" ಎಂದೆ.

"ಖರೆ ಐತಿ, ತಮ್ಮಾ," ಎಂದು ತಲೆಯಾಡಿಸಿದರು. ಆಮೇಲೆ ಕೈ ನಿಲ್ಲಿಸದೆ ಹೇಳಿದರು: "ನಮ್ಮೂರಾಗೂ ಸೋಮವಾರ ಎತ್ತು ಹೂಡತಿರಲಿಲ್ಲ. ಎತ್ತಿಗೆ ಸೂಟಿ. ಆದರ ಅವತ್ತ ಅದಕ್ಕ ಮೇವು ಹಾಕಾಕಿ ಯಾರು? ಸಗಣಿ ಬಳಿಯಾಕಿ ಯಾರು? ಜೋಳ ಬೀಸಾಕಿ ಯಾರು? ಸಾವಿರ ವರ್ಷದ ಹಿಂದಿಂದು ನನಗ ಗೊತ್ತಿಲ್ಲಪಾ. ಸೂಟಿ ಎಣಿಸಿದಾಂವ ಮಾತ್ರ ಗಂಡಸ ಇರಬೇಕು."

ವಿಡಿಯೋವನ್ನು ಅವರು ತಲೆಯಾಡಿಸಿದಲ್ಲಿಗೇ ಕತ್ತರಿಸಿ ನೆಟ್ಟಿಗೆ ಹಾಕಿದೆ. ನನ್ನ ವಿಡಿಯೋಗಳಲ್ಲಿ ಅಷ್ಟು ಓಡಿದ್ದು ಇನ್ನೊಂದಿಲ್ಲ.

ಮುಂದಿನ ವಾರ ಹೋದಾಗ ಆಂಟಿ ರೊಟ್ಟಿ ಕಟ್ಟಿಕೊಡುತ್ತ ಕೇಳಿದರು. "ಮಗಳು ತೋರಿಸಿದ್ಲು. ನಾ ಹೌದಂದಿದ್ದು ಐತಿ. ಉಳಿದಿದ್ದು ಎಲ್ಲಿ ಹೋತು?"

"ಉದ್ದ ಆಯ್ತು, ಆಂಟಿ."

"ಆಗೂದ. ಕೆಲಸನೂ ಉದ್ದ ಇತ್ತಲ್ಲ."

ಬೈದಿದ್ದರೆ ಮತ್ತೆ ಹೋಗುತ್ತಿದ್ದೆನೇನೋ. ಬೈಯಲಿಲ್ಲ. ಅಲ್ಲಿಂದಾಚೆ ನಾನು ಪ್ಯಾಕೆಟ್ ರೊಟ್ಟಿಯ ಗಿರಾಕಿ.

ಇದನ್ನೆಲ್ಲ ಆ ಹುಡುಗಿಗೆ ಅಂಗಡಿಯಲ್ಲೇ ಹೇಳಿಬಿಟ್ಟೆ. ಅವಳ ನಗು ನಿಂತಿತು. "ಅಯ್ಯೋ, ನಾನು ಅದನ್ನ ನಮ್ಮಮ್ಮಂಗೆ ಬೇರೆ ಕಳಿಸಿದೀನಿ. ಮತ್ತೆ ಇನ್ನೂ ಯಾಕೆ ಇಟ್ಟಿದೀರಾ ಅಂಕಲ್?"

ಅವಳ ಎದುರಿಗೇ ಅಳಿಸಿದೆ. ಕತ್ತರಿಸಿದ ತುಂಡು ನನ್ನ ಹತ್ತಿರ ಉಳಿದಿಲ್ಲ. ಆಂಟಿ ಅವತ್ತು ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ಬರೆದುಕೊಂಡು, ನಿನ್ನೆ ಅವರ ಮನೆಗೆ ಹೋಗಿ, ನಿಂತುಕೊಂಡೇ ಓದಿದೆ. ತಪ್ಪಾಯಿತು, ಎಲ್ಲರಿಗೂ ಕಾಣುವ ಹಾಗೆ ಇದನ್ನು ಹಾಕುತ್ತೇನೆ ಎಂದೆ. ಅವರು ಹಂಚಿನಿಂದ ಕಣ್ಣೆತ್ತಲಿಲ್ಲ.

"ನೀರು ಸೇದೂದು ಬಿಟ್ಟೀ ನೋಡು," ಎಂದರು. "ಅದನ್ನೂ ಬರಿ."