ಮೇಸ್ತ್ರಿ ಹಾಕಿದ ಹೀಟರ್ ತಂತಿ

ಇಸೊಗಾಯ್ ತೊಮೊಯೆಯ ಅಂಗಡಿಗೂ ನನ್ನ ತಗಡಿನ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಈಚೆ ಮೂವತ್ತು ವರ್ಷದಿಂದ ನಾನು ಹಳೆಯ ಕಾರುಗಳ ಮೈ ಬಡಿದು ನೆಟ್ಟಗೆ ಮಾಡುತ್ತಿದ್ದೇನೆ. ಆಚೆ ಆಕೆ ಅವುಗಳ ವೈರಿಂಗ್ ಬಿಚ್ಚಿ ಹೊಸದಾಗಿ ಕಟ್ಟುತ್ತಾಳೆ. ನಮ್ಮ ಕಿರ್ಯೂ ಊರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರು ಯಾರೇ ಆಗಲಿ, ಒಂದಲ್ಲ ಒಂದು ದಿನ ಆಕೆಯ ಬಾಗಿಲಿಗೆ ಬರಲೇಬೇಕು. ಬಂದವರಿಗೆ ಆಕೆ ಸೊಂಟ ಬಗ್ಗಿಸಿ ನಮಸ್ಕರಿಸುತ್ತಾಳೆ. ಕಾರು ವಾಪಸು ಕೊಡುವಾಗ ಇನ್ನೂ ಆಳಕ್ಕೆ ಬಗ್ಗಿ, ‘ಏನಾದರೂ ತಪ್ಪಾಗಿದ್ದರೆ ದಯವಿಟ್ಟು ಕ್ಷಮಿಸಿ’ ಎನ್ನುತ್ತಾಳೆ. ಆಕೆಯ ಕೆಲಸದಲ್ಲಿ ತಪ್ಪು ಸಿಕ್ಕಿದ್ದನ್ನು ನಾನಂತೂ ಕಂಡಿರಲಿಲ್ಲ. ಆದರೂ ಆಕೆ ಯಾಕೆ ಹಾಗೆ ಬಗ್ಗುತ್ತಾಳೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ತೊಮೊಯೆಯ ತಾಯಿ ರೇಷ್ಮೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವಳು. ಮಗಳಿಗೆ ನೇಯ್ಗೆ ಹಿಡಿಸಲಿಲ್ಲ. ಮಗ್ಗ ಓಡಿಸುವ ಮೋಟಾರು ಹಿಡಿಸಿತು. ಹತ್ತೊಂಬತ್ತಕ್ಕೆ ಆಕೆ ಕುಜೆ ಮಸಾಕಿಚಿಯ ಬಳಿ ಕಾರುಗಳ ವಿದ್ಯುತ್ ಕೆಲಸ ಕಲಿಯಲು ಸೇರಿದಳು. ಹುಡುಗಿಯನ್ನು ಆ ಕೆಲಸಕ್ಕೆ ತೆಗೆದುಕೊಂಡ ಮೊದಲ ಮೇಸ್ತ್ರಿ ಅವರೇ. ಕುಜೆ ಎಡಗೈಯವರು. ತಂತಿಗಳ ಮೇಲೆ ಬಟ್ಟೆಯ ಟೇಪನ್ನು ಎಲ್ಲರೂ ಸುತ್ತುವುದಕ್ಕೆ ತಿರುವುಮುರುವಾಗಿ ಸುತ್ತುತ್ತಿದ್ದರು. ಸುತ್ತಿದ ಕೊನೆಗೆ, ಗಿರಣಿಯಿಂದ ಬೇಡಿ ತಂದ ರೇಷ್ಮೆ ದಾರಕ್ಕೆ ಮೇಣ ಸವರಿ, ಅದರಿಂದ ಗಂಟು ಹಾಕುತ್ತಿದ್ದರು. ಬಾನೆಟ್ ಎತ್ತಿದರೆ ಇದು ಕುಜೆಯವರ ಕೈಕೆಲಸ ಎಂದು ಯಾರಾದರೂ ಹೇಳಬಹುದಿತ್ತು.

ನಾಲ್ಕು ವರ್ಷ ಕಲಿತ ಮೇಲೆ, 1983ರಲ್ಲಿ, ಬಟ್ಟೆ ವ್ಯಾಪಾರಿ ಶೀನಾ ಅವರ ಕಾರಿನ ಇಡೀ ವೈರಿಂಗನ್ನು ಮೇಸ್ತ್ರಿ ಆಕೆಗೆ ಒಪ್ಪಿಸಿದರು. ‘ಹೀಟರ್ ತಂತಿ ಒಂದನ್ನ ಬಿಟ್ಟುಬಿಡು, ಅದು ನಾನು ಹಾಕಿದ್ದು, ಚೆನ್ನಾಗಿದೆ’ ಎಂದಿದ್ದರು. ಕಾರು ಮನೆಗೆ ಹೋದ ಮೂರು ವಾರಕ್ಕೆ, ನವೆಂಬರಿನ ಒಂದು ಮಧ್ಯಾಹ್ನ, ಗ್ಯಾರೇಜಿನಲ್ಲಿ ನಿಂತಿದ್ದ ಹಾಗೆಯೇ ಹೊತ್ತಿಕೊಂಡಿತು. ಹೊರಗೆ ತಳ್ಳಲು ಹೋದ ಶೀನಾ ಅವರ ಬಲಗೈ ಸುಟ್ಟಿತು. ಮರುದಿನ ಬೆಳಗ್ಗೆ ಐದು ಜನ ಕೆಲಸಗಾರರ ಎದುರು ಮೇಸ್ತ್ರಿ, ‘ನಿನ್ನ ಕೈ ಸರಿಯಿಲ್ಲ’ ಎಂದು ಹೇಳಿ ಆಕೆಯನ್ನು ಮನೆಗೆ ಕಳಿಸಿದರು.

ಅಲ್ಲಿಂದ ಹನ್ನೊಂದು ವರ್ಷ, ಪ್ರತಿ ನವೆಂಬರಿನಲ್ಲಿ, ತೊಮೊಯೆ ಒಂದು ಪೆಟ್ಟಿಗೆ ಮಂಜೂ ಸಿಹಿ ಹಿಡಿದುಕೊಂಡು ಶೀನಾ ಅವರ ಬಾಗಿಲಿಗೆ ಹೋಗಿ ಬಗ್ಗಿ ನಿಂತಳು. ಮೊದಲ ವರ್ಷಗಳಲ್ಲಿ ಅವರು ಬೈದು ಕಳಿಸುತ್ತಿದ್ದರು. ಹನ್ನೊಂದನೆಯ ವರ್ಷ ಅವರ ಹೆಂಡತಿ, ‘ಇನ್ನು ಸಾಕು, ಬರಬೇಡಮ್ಮ’ ಎಂದಳು. ಅಷ್ಟರಲ್ಲಿ ಆಕೆ ನನ್ನ ಪಕ್ಕ ಈ ಅಂಗಡಿ ತೆರೆದಿದ್ದಳು. ಕೀಲಿ ತೆಗೆದು ನಿಲ್ಲಿಸಿದ್ದ ಕಾರು ಹೇಗೆ ಹೊತ್ತಿಕೊಂಡಿತು ಎಂಬುದೊಂದು ಆಕೆಗೆ ಬಗೆಹರಿದಿರಲಿಲ್ಲ. ತನ್ನ ಕೈ ಎಲ್ಲೋ ತಪ್ಪಿದೆ ಎಂದು ನಂಬಿಕೊಂಡು, ಒಂದೊಂದು ಜೋಡಣೆಯನ್ನೂ ಮೂರು ಸಲ ಎಳೆದು ನೋಡುತ್ತ, ಮದುವೆಯೂ ಆಗದೆ, ಐವತ್ತೊಂಬತ್ತು ದಾಟಿದಳು.

ಆ ವರ್ಷ ಕುಮಾಕುರಾ ಎಂಬ ನಿವೃತ್ತ ಬಸ್ ಚಾಲಕರ ಕಾರು ನಮ್ಮಿಬ್ಬರ ಕೈಗೆ ಬಂತು. 1962ರ ಸೆಡಾನ್, ಮೊದಲು ಈಗ ಮುಚ್ಚಿಹೋದ ಗಿರಣಿಯೊಂದರ ಮಾಲೀಕರದ್ದಾಗಿತ್ತು. ನಾನು ತುಕ್ಕು ತಿಂದ ನೆಲವನ್ನು ಕತ್ತರಿಸಿ ಹೊಸ ತಗಡು ಬೆಸೆದೆ. ಆಮೇಲೆ ತೊಮೊಯೆ ಹಳೆಯ ವೈರಿಂಗ್ ಬಿಚ್ಚತೊಡಗಿದಳು. ಬಿಚ್ಚಿದ್ದನ್ನೆಲ್ಲ ಒಂದು ಪ್ಲೈವುಡ್ ಹಲಗೆಯ ಮೇಲೆ ಹರಡಿ, ಪ್ರತಿ ತಿರುವಿಗೂ ಮೊಳೆ ಹೊಡೆದು, ಅದೇ ಆಕಾರದಲ್ಲಿ ಹೊಸ ತಂತಿ ಎಳೆದು ಕಟ್ಟುವುದು ಆಕೆಯ ಕ್ರಮ.

ಬುಧವಾರ ಊಟದ ಹೊತ್ತಿಗೆ ಗೋಡೆಯ ಆಚೆಯಿಂದ ಆಕೆ ನನ್ನನ್ನು ಕರೆದಳು.

“ನೆಮೊತೊಸಾನ್, ಒಂದು ನಿಮಿಷ ಬರ್ತೀರಾ?”

ಹೋದೆ. ಹಲಗೆಯ ಅಂಚಿನಲ್ಲಿ ಮೊಳಕೈ ಉದ್ದದ ಒಂದು ತಂತಿ ಬೇರೆಯಾಗಿ ಬಿದ್ದಿತ್ತು. ಆಕೆ ಅದನ್ನು ಮುಟ್ಟದೆ, ಬೆರಳಿನಿಂದ ತೋರಿಸಿದಳು.

“ಇದು ಹೀಟರ್‌ದು. ಕಾರ್ಪೆಟ್ ಕೆಳಗೆ, ಗೇರ್ ಪೆಟ್ಟಿಗೆ ಪಕ್ಕ ಇತ್ತು. ಎಲ್ಲಿಂದ ಬರ್ತಿದೆ ಗೊತ್ತಾ? ನೇರ ಬ್ಯಾಟರಿಯಿಂದ. ಮಧ್ಯೆ ಫ್ಯೂಸ್ ಇಲ್ಲ, ಕೀಲಿ ಇಲ್ಲ. ಕಾರು ನಿಂತಿದ್ರೂ ಇದರಲ್ಲಿ ಕರೆಂಟ್ ಇರುತ್ತೆ.”

ನಡುವೆ ಒಂದು ಜೋಡಣೆ. ಎರಡು ತುದಿಗಳನ್ನು ಬರೀ ಹೊಸೆದಿದ್ದರು, ಬೆಸುಗೆ ಇರಲಿಲ್ಲ. ಮೇಲಿನ ಟೇಪು ಸುಟ್ಟು ಕರಿಯಾಗಿತ್ತು. ಟೇಪನ್ನು ತಿರುವುಮುರುವಾಗಿ ಸುತ್ತಿದ್ದರು. ಕೊನೆಯಲ್ಲಿ ಮೇಣದ ರೇಷ್ಮೆ ಗಂಟು.

ನಾನು ಆ ಗಂಟಿನತ್ತ ಬಗ್ಗಿದೆ.

“ಶೀನಾ ಅವರ ಕಾರಿನಲ್ಲೂ...”

“ಅದನ್ನ ಮುಟ್ಟಬೇಡ ಅಂದಿದ್ರು. ಮುಟ್ಟಿರಲಿಲ್ಲ.” ಆಕೆಯ ದನಿ ಏರಲಿಲ್ಲ. “ಶನಿವಾರ ಹತ್ತು ಗಂಟೆಗೆ ಕುಮಾಕುರಾಸಾನ್ ಮೇಸ್ತ್ರೀನ ಕರ್ಕೊಂಡು ಬರ್ತಾರೆ. ಮೊದಲು ವೈರಿಂಗ್ ಮಾಡಿದವರೇ ಮೊದಲು ಕೀಲಿ ತಿರುಗಿಸಬೇಕು ಅಂತ ಅವರಿಗೆ ಆಸೆ.”

“ಒಳ್ಳೇದಾಯ್ತು. ಮುಖಕ್ಕೆ ಹಿಡೀರಿ ಇದನ್ನ.”

“ಏನಂತ ಹಿಡೀಲಿ? ಇದು ಈ ಕಾರಿನ ತಂತಿ. ಆ ಕಾರಿನದು ಸುಟ್ಟುಹೋಯ್ತಲ್ಲ.”

ಆಕೆ ಆ ತುಂಡನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಗುರುವಾರ, ಶುಕ್ರವಾರ ಗೋಡೆಯ ಆಚೆ ಟೇಪು ಎಳೆಯುವ ಸದ್ದು, ಸ್ವಲ್ಪ ಹೊತ್ತಿಗೆ ಅದನ್ನೇ ಕಿತ್ತುಹಾಕುವ ಸದ್ದು. ದೀಪಗಳಿಗೆ ಹೋಗುವ ತಂತಿಗಳ ಕವಲೊಂದನ್ನೇ ಆಕೆ ನಾಲ್ಕು ಸಲ ಕಟ್ಟಿ ಬಿಚ್ಚಿದಳು. ಶುಕ್ರವಾರ ನಾನು ಕೊಂಡೊಯ್ದ ಹಿಮೊಕಾವಾ, ನಮ್ಮೂರಿನ ಆ ಅಗಲ ಶಾವಿಗೆ, ಸಾರಿನಲ್ಲಿ ಊದಿಕೊಂಡು ಹಾಗೆಯೇ ಕೂತಿತ್ತು.

“ತಿನ್ನಿ, ತಣ್ಣಗಾಗ್ತಿದೆ,” ಎಂದೆ.

“ಗೊತ್ತು,” ಎಂದು ಮತ್ತೆ ಟೇಪು ಹಿಡಿದಳು.

ಶನಿವಾರ ಅಕಾಗಿ ಬೆಟ್ಟದ ಒಣಗಾಳಿ ತಗಡಿನ ಸೂರನ್ನು ಬಡಿಯುತ್ತಿತ್ತು. ಕುಮಾಕುರಾ ಅವರು ಮೇಸ್ತ್ರಿಯನ್ನು ಕೈಹಿಡಿದು ಒಳಗೆ ಕರೆತಂದರು. ಕುಜೆಗೆ ಎಂಬತ್ತೆರಡು, ಊರುಗೋಲು, ಕೊರಳಿಗೆ ಟೈ. ತೊಮೊಯೆ ಬಗ್ಗಿ ನಮಸ್ಕರಿಸಿದಳು. ಅವರು ನೇರ ಬಾನೆಟ್ಟಿನ ಬಳಿ ಹೋಗಿ ಇಣುಕಿದರು.

“ಟೇಪು ಬಿಗಿ ಜಾಸ್ತಿ.”

“ಹೌದು, ಮೇಸ್ತ್ರಿ.”

“ನೋಡಕ್ಕೆ ಪರವಾಗಿಲ್ಲ.”

ಕುಮಾಕುರಾ ನಕ್ಕರು. “ನಾನು ಮೂವತ್ತೆಂಟು ವರ್ಷ ಬಸ್ ಓಡಿಸಿದೆ, ಒಂದು ದಿನಾನೂ ಬಾನೆಟ್ ಎತ್ತಲಿಲ್ಲ. ಒಳಗೆ ನೋಡಿದ್ರೆ ಓಡಿಸೋ ಧೈರ್ಯಾನೇ ಬರಲ್ಲ ನೋಡಿ.”

ಹೊಸ ವೈರಿಂಗಿಗೆ ಮೊದಲ ಸಲ ಕರೆಂಟು ಕೊಡುವಾಗ ಆಕೆ ಬ್ಯಾಟರಿಯನ್ನು ನೇರ ಜೋಡಿಸುವುದಿಲ್ಲ. ನಡುವೆ ಒಂದು ದೊಡ್ಡ ಬಲ್ಬ್ ಇಡುತ್ತಾಳೆ. ಕಾರಿನಲ್ಲಿ ಎಲ್ಲ ಸ್ವಿಚ್ಚುಗಳೂ ಆರಿದ್ದರೆ ಬಲ್ಬ್ ಉರಿಯಬಾರದು. ಉರಿದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದೇ ಅರ್ಥ.

ಆಕೆ ಕೊನೆಯ ತಂತಿ ಸಿಕ್ಕಿಸಿದಳು. ಬಲ್ಬ್ ಹತ್ತಿಕೊಂಡಿತು.

ಕುಮಾಕುರಾರ ನಗು ಅಲ್ಲೇ ನಿಂತಿತು. ಕುಜೆ ಬಲ್ಬನ್ನು ನೋಡಿದರು, ಆಕೆಯನ್ನು ನೋಡಿದರು.

“ಇನ್ನೂ ಅದೇ ಕೈ,” ಎಂದರು, ಮೆಲ್ಲಗೆ.

ತೊಮೊಯೆ ಒಂದು ಫ್ಯೂಸ್ ತೆಗೆದಳು. ಬಲ್ಬ್ ಆರಲಿಲ್ಲ. ಎರಡನೆಯದು, ಮೂರನೆಯದು. ಆರೂ ಫ್ಯೂಸುಗಳು ಆಕೆಯ ಅಂಗೈಯಲ್ಲಿ ಕೂತವು, ಬಲ್ಬ್ ಇನ್ನೂ ಉರಿಯುತ್ತಲೇ ಇತ್ತು. ಮೂವತ್ತಾರು ವರ್ಷದ ಹಿಂದಿನ ಮಾತು ನಿಜವಾಗುತ್ತಿದೆ ಎಂದು ನನಗೂ ಒಂದು ಕ್ಷಣ ಅನಿಸಿದ್ದನ್ನು ಮುಚ್ಚಿಡುವುದಿಲ್ಲ.

ಆಕೆ ಕಣ್ಣು ಮುಚ್ಚಿ ನಿಂತಳು. ಆಮೇಲೆ ಬಗ್ಗಿ, ಫ್ಯೂಸಿನ ಮೂಲಕ ಹಾಯದ ಡೈನಮೊ ಮೇಲೆ ಕೈಯಿಟ್ಟಳು. ಅಲ್ಲೇ ಇದ್ದ ಒಂದು ಪುಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದಳು. ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ಡೈನಮೊಗೆ ವಾಪಸು ಹರಿಯದಂತೆ ತಡೆಯುವ ಪೆಟ್ಟಿಗೆ ಅದು. ಒಳಗೆ ಬಿಡಿಬಿಡಿಯಾಗಿರಬೇಕಿದ್ದ ಎರಡು ಬಿಲ್ಲೆಗಳು ಒಂದಕ್ಕೊಂದು ಅಂಟಿದ್ದವು.

ನನಗೆ ತಕ್ಷಣ ಹೊಳೆಯಿತು. ನೆಲಕ್ಕೆ ವೆಲ್ಡಿಂಗ್ ಮಾಡುವ ಮೊದಲು ಆ ಪೆಟ್ಟಿಗೆಯನ್ನು ಬಿಚ್ಚಿಡಿ ಎಂದು ಆಕೆ ನನಗೆ ಹೇಳಿದ್ದಳು. ನಾನು ಬಿಚ್ಚಿರಲಿಲ್ಲ. ವೆಲ್ಡಿಂಗಿನ ಕರೆಂಟು ಅಲ್ಲಿ ನುಗ್ಗಿ ಬಿಲ್ಲೆಗಳನ್ನು ಬೆಸೆದುಬಿಟ್ಟಿತ್ತು.

“ಇದು ನನ್ನ ತಪ್ಪು,” ಎಂದೆ. “ಬಿಚ್ಚಿಡಿ ಅಂದಿದ್ರು, ಸೋಮಾರಿತನ ಮಾಡಿದೆ. ಅವರ ವೈರಿಂಗಲ್ಲಿ ಏನೂ ಇಲ್ಲ.”

ಆಕೆ ತೆಳು ಅಲಗು ತೂರಿಸಿ ಬಿಲ್ಲೆಗಳನ್ನು ಬಿಡಿಸಿದಳು. ಬಲ್ಬ್ ಆರಿತು. ಫ್ಯೂಸುಗಳನ್ನು ಒಂದೊಂದಾಗಿ ಹಾಕಿದಳು. ಬಲ್ಬ್ ಆರಿಯೇ ಇತ್ತು. ಬಿಲ್ಲೆಗಳನ್ನು ಉಜ್ಜಿ ನಯಮಾಡಿ ಬ್ಯಾಟರಿಯನ್ನು ನೇರ ಜೋಡಿಸಿದಳು. ಕುಜೆ ಚಾಲಕನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು. ಕೆಂಪು ದೀಪ ಬಂತು, ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಕುಮಾಕುರಾ ಚಪ್ಪಾಳೆ ತಟ್ಟಿದರು.

ಮುದುಕರ ಕೈ ಡ್ಯಾಶಿನ ಕೆಳಗೆ ಹೀಟರ್ ಸ್ವಿಚ್ಚಿಗೆ ಹೋಯಿತು, ಅಲ್ಲೇ ನಿಂತಿತು.

“ಇದರ ತಂತಿ ಎಲ್ಲಿಂದ ಎಳೆದೆ?”

“ಕೀಲಿಯಿಂದ, ಫ್ಯೂಸ್ ಹಾಕಿ.”

“ನಾನು ಹಾಕಿದ್ದಿತ್ತಲ್ಲ?”

ತೊಮೊಯೆ ಜೇಬಿನಿಂದ ಆ ತುಂಡು ತೆಗೆದು ಅವರ ಅಂಗೈ ಮೇಲೆ ಇಟ್ಟಳು. ಕುಜೆ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರು. ಅವರು ಕರಿಯಾದ ಟೇಪನ್ನು ಹೆಬ್ಬೆರಳಿನಿಂದ ತಿಕ್ಕಿದರು, ತಿಕ್ಕಿದಷ್ಟೂ ಬೆರಳು ಕಪ್ಪಾಯಿತು.

“ಶೀನಾ ಅವರ ಕಾರಿಗೂ ಹೀಗೇ ಹಾಕಿದ್ರಾ?” ಎಂದಳು.

“ಹಾಕಿದ್ದೆ.”

“ಇದರಿಂದಲೇ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

ಮೇಸ್ತ್ರಿ ಸುಳ್ಳು ಹೇಳಬಹುದಿತ್ತು. ಈಗಷ್ಟೇ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು, ಆಗಷ್ಟೇ ತಪ್ಪೊಪ್ಪಿಕೊಂಡಿದ್ದ ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದರು.

“ಅವತ್ತು ಸಂಜೇನೇ. ಬೂದಿ ಕೆದಕಿದೆ. ಬೇರೆ ತಂತಿಗಳ ಹೊದಿಕೆ ಮೇಲಿಂದ ಸುಟ್ಟಿತ್ತು, ಇದು ಒಳಗಿಂದ ಕರಗಿತ್ತು.” ತುಂಡನ್ನು ಅಂಗೈಯಲ್ಲಿ ಮಡಚಿ ಹೇಳಿದರು, “ಅಂಗಡಿ ಮುಚ್ಚಿದ್ರೆ ಐದು ಸಂಸಾರ ಬೀದಿಗೆ ಬೀಳ್ತಿತ್ತು. ನೀನು ಹುಡುಗಿ, ಇವತ್ತಲ್ಲ ನಾಳೆ ಮದುವೆಯಾಗಿ ಹೋಗ್ತೀಯ, ಕೆಲಸ ಬಿಟ್ರೂ ನಡೆಯುತ್ತೆ ಅಂದ್ಕೊಂಡೆ.”

ತೊಮೊಯೆ ಹೊಡೆಯುತ್ತಾಳೇನೋ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಆಕೆ ಏಪ್ರನ್ ಬಿಚ್ಚಿ ಗೂಟಕ್ಕೆ ತೂಗುಹಾಕಿದಳು.

“ಬನ್ನಿ, ಶೀನಾ ಅವರ ಮನೆಗೆ ಹೋಗೋಣ.”

“ಇವತ್ತೇನಾ? ಕಾಲು ನೋಡು ಹೇಗಾಗಿದೆ. ಇನ್ನೊಂದು ದಿನ...”

“ನಾನು ಹನ್ನೊಂದು ಸಲ ನಡ್ಕೊಂಡೇ ಹೋಗಿದ್ದೆ, ಮೇಸ್ತ್ರಿ. ನಿಮಗೆ ಕಾರಿದೆ.”

ಕುಮಾಕುರಾ ಕೀಲಿಗೆ ಕೈಚಾಚಿದರು. ಹೊಸ ವೈರಿಂಗಿನ ಮೊದಲ ಸವಾರಿ ಅದೇ ಆಯಿತು. ಕುಜೆ ಮುಂದೆ, ನಾವಿಬ್ಬರು ಹಿಂದೆ. ವಾತರಾಸೆ ನದಿಯ ಸೇತುವೆ ದಾಟಿದೆವು. ಸೇತುವೆಯ ಆಚೆ ತೊಮೊಯೆ ಮುಂದಕ್ಕೆ ಬಾಗಿ ಕೇಳಿದಳು, “ಇನ್ನೆಷ್ಟು ಕಾರಿಗೆ ಹೀಗೆ ಹಾಕಿದ್ದೀರಿ? ಈಗಲೂ ಇರೋವು.”

ಮುದುಕರು ಬೆರಳು ಮಡಚಿದರು. ನಾಲ್ಕು ಹೆಸರು ಹೇಳಿದರು. ಆಕೆ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ಶೀನಾ ಸೂರಿನ ಕೆಳಗೆ ಪರ್ಸಿಮನ್ ಹಣ್ಣುಗಳನ್ನು ದಾರಕ್ಕೆ ಕಟ್ಟಿ ಒಣಹಾಕುತ್ತಿದ್ದರು. ಎಂಬತ್ತಾರು ವರ್ಷ, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕುಜೆ ಊರುಗೋಲು ಬದಿಗಿಟ್ಟು, ಮೆಟ್ಟಿಲ ಕಲ್ಲಿನ ಮೇಲೆ ಎರಡೂ ಕೈಯೂರಿ ಹಣೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಏನನ್ನೂ ತೇಲಿಸಲಿಲ್ಲ. ಶೀನಾ ಕೊನೆಯವರೆಗೆ ಕೇಳಿದರು.

“ಮೇಸ್ತ್ರಿ, ಕಾರು ಅಂದ್ಮೇಲೆ ಸುಡುತ್ತೆ. ಕೈಯೂ ಸುಡುತ್ತೆ, ವಾಸಿಯಾಗುತ್ತೆ. ಆದ್ರೆ ನೀವು ನನ್ನ ಬಾಯಿಂದ ಈಕೆಗೆ ಬೈಸಿದ್ರಿ. ಅದೂ ಎಷ್ಟೋ ವರ್ಷ.”

ಆಮೇಲೆ ಅವರು ತೊಮೊಯೆಯ ಕಡೆ ತಿರುಗಿ ಆಳವಾಗಿ ಬಗ್ಗಿದರು. ಬಗ್ಗುವುದು ಗೊತ್ತಿದ್ದ ಆಕೆಗೆ, ಇನ್ನೊಬ್ಬರು ತನಗೆ ಬಗ್ಗಿದರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸುಮ್ಮನೆ ಹಣ್ಣುಗಳನ್ನೇ ನೋಡುತ್ತ ನಿಂತಳು.

ಒಂದು ವಾರದೊಳಗೆ ಆಕೆ ಆ ನಾಲ್ಕೂ ಮನೆಗಳಿಗೆ ಹೋಗಿ ಹೀಟರ್ ತಂತಿ ಕಿತ್ತು ಹೊಸದು ಹಾಕಿ ಬಂದಳು. ಒಂದರಲ್ಲಿ ಟೇಪು ಆಗಲೇ ಕಂದಿತ್ತಂತೆ. ಕುಜೆ ತಮ್ಮ ಹಳೆಯ ಕೆಲಸಗಾರರಿಗೆಲ್ಲ ನಡೆದದ್ದನ್ನು ಪತ್ರ ಬರೆದು ತಿಳಿಸಿದರು. ತೊಮೊಯೆಗೂ ಒಂದು ಬಂತು. ಆಕೆ ಅದನ್ನು ಒಡೆಯಲಿಲ್ಲ.

ಈಗ ಮನಸ್ಸು ಹಗುರವಾಯಿತೇ ಎಂದು ಒಂದು ದಿನ ಚಹಾ ಕುಡಿಯುವಾಗ ಕೇಳಿದೆ.

“ಹಗುರ ಏನಿಲ್ಲ,” ಎಂದಳು. “ಇಷ್ಟು ದಿನ ನನ್ನ ಮೇಲೆ ನನಗೇ ಬೇಜಾರಿತ್ತು, ಅದು ಅಭ್ಯಾಸ ಆಗಿತ್ತು. ಈಗ ಸಿಟ್ಟು ಬರ್ತಿದೆ. ಬೆಳಗ್ಗೆ ಎದ್ದ ಕೂಡಲೇ ಬರುತ್ತೆ. ಏನು ಮಾಡೋದು ಅಂತಲೇ ಗೊತ್ತಾಗ್ತಿಲ್ಲ.”

ಆಕೆ ಲೋಟ ಕೆಳಗಿಟ್ಟಳು.

“ಇನ್ನೊಂದು ವಿಷಯ, ನೆಮೊತೊಸಾನ್. ನಿಮ್ಮ ಗ್ರೈಂಡರಿನ ಕಿಡಿ ಎಲ್ಲಾ ನನ್ನ ಕಿಟಕಿಗೇ ಸಿಡಿಯುತ್ತೆ. ಗಾಜೆಲ್ಲ ಚುಕ್ಕೆ ಚುಕ್ಕೆ ಆಗಿಹೋಗಿದೆ. ಮೂವತ್ತು ವರ್ಷದಿಂದ ಹೇಳಬೇಕು ಅಂತಿದ್ದೆ. ನಾಳೆನೇ ಅಡ್ಡ ಏನಾದ್ರೂ ಹಾಕಿ.”

ಮರುದಿನ ಬೆಳಗ್ಗೆ ಎದ್ದವನೇ ಒಂದು ತಗಡು ಕತ್ತರಿಸಿ ಅಡ್ಡ ನಿಲ್ಲಿಸಿದೆ. ಆಕೆ ಬಂದು ನೋಡಿದಳು. ಇನ್ನೂ ಒಂದು ಅಡಿ ಎತ್ತರ ಬೇಕು ಎಂದಳು.